ಒಂದೇ ಲೆಕ್ಕ, ಹಲವು ದಾರಿ

ಕಿಲೋಗೆ 60 ರೂಪಾಯಿಯ ಬದನೆಕಾಯಿ, ಮುಕ್ಕಾಲು ಕಿಲೋಗೆ ಎಷ್ಟು? ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಸಂತೆಗಳಲ್ಲಿ ಅವ್ವನ ಪಕ್ಕ ಕೂತು ಕಾಯಿಪಲ್ಲೆ ಮಾರುವ ಮಗು ಅರ್ಧಕ್ಕೆ 30, ಕಾಲಿಗೆ 15, ಒಟ್ಟು 45 ಎಂದು ಬಾಯಲ್ಲೇ ಹೇಳಬಲ್ಲದು. ಅದನ್ನೇ ಹಲಗೆಯ ಮೇಲೆ 3/4 × 60 ಎಂದು ಬರೆದರೆ ಅದೇ ಮಗು ತಡವರಿಸುವುದುಂಟು.

ಇದು ಹಾವೇರಿ ಜಿಲ್ಲೆಯದಷ್ಟೇ ಕಥೆಯಲ್ಲ. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳ ಕುರಿತ ಅಧ್ಯಯನವೊಂದು 1985ರಲ್ಲಿ ಪ್ರಕಟವಾಯಿತು. ವ್ಯಾಪಾರದ ನಡುವೆ ಶೇ. 98ರಷ್ಟು ಲೆಕ್ಕ ಸರಿ ಮಾಡಿದವರು, ಬರೀ ಅಂಕಿಗಳ ಲೆಕ್ಕ ಕೊಟ್ಟಾಗ ಶೇ. 37ಕ್ಕೆ ಇಳಿದರು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ನಡೆಸಿದ ಅಧ್ಯಯನ 2025ರಲ್ಲಿ ಹೊರಬಂತು. ಅಲ್ಲೂ ಇದೇ ಕಂಡಿತು. ಜತೆಗೆ, ಶಾಲೆಯ ಲೆಕ್ಕದಲ್ಲಿ ಮುಂದಿದ್ದ ಮಕ್ಕಳು ಸಂತೆಯ ಲೆಕ್ಕಕ್ಕೆ ತಡಕಾಡಿದರು.

ಹಾಗಾದರೆ ಮೇಷ್ಟ್ರು ಮಾಡಬೇಕಾದ್ದೇನು? ಐದನೇ ತರಗತಿಯಲ್ಲಿ 16 × 25 ಕೊಟ್ಟು ನೋಡಿ. ಒಬ್ಬಳು ನಾಲ್ಕು ಇಪ್ಪತ್ತೈದು ನೂರು, ಅಂಥವು ನಾಲ್ಕು, 400 ಎನ್ನುತ್ತಾಳೆ. ಇನ್ನೊಬ್ಬ ಒಂದನ್ನು ಅರ್ಧ ಮಾಡಿ ಮತ್ತೊಂದನ್ನು ದುಪ್ಪಟ್ಟು ಮಾಡುತ್ತ ಹೋಗುತ್ತಾನೆ: 8 × 50, 4 × 100. ಮೂರನೆಯ ಮಗು ಆಯತ ಬಿಡಿಸಿ ನಾಲ್ಕು ಭಾಗ ಮಾಡುತ್ತದೆ: 200, 50, 120, 30. ಉತ್ತರಕ್ಕೆ ರೈಟ್ ಹಾಕುವ ಮುಂಚೆ ‘ಹೆಂಗ ಮಾಡಿದಿ, ಹೇಳವ್ವಾ’ ಎಂದು ಕೇಳಿದರೆ ಮೂರೂ ದಾರಿ ಇಡೀ ತರಗತಿಯ ಆಸ್ತಿಯಾಗುತ್ತವೆ.

ಇಲ್ಲೊಂದು ಎಚ್ಚರ ಬೇಕು. ಇವನು ನೋಡಿ ಕಲಿಯುವವನು, ಇವಳು ಕೇಳಿ ಕಲಿಯುವವಳು ಎಂದು ಮಕ್ಕಳಿಗೆ ಚೀಟಿ ಅಂಟಿಸಿ ಪಾಠ ಬೇರೆ ಮಾಡುವುದರಿಂದ ಕಲಿಕೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಪುರಾವೆಯಿಲ್ಲವೆಂದು ಮನೋವಿಜ್ಞಾನಿ ಹೆರಾಲ್ಡ್ ಪ್ಯಾಶ್ಲರ್ ಮತ್ತಿತರರು 2008ರಲ್ಲೇ ತೋರಿಸಿದ್ದಾರೆ. ಎಲ್ಲ ಮಕ್ಕಳಿಗೂ ಎಲ್ಲ ದಾರಿ ಬೇಕು. ಅಕ್ಷರ ಫೌಂಡೇಶನ್ ಸರ್ಕಾರದ ಜತೆ ಸೇರಿ ನಡೆಸಿದ ಗಣಿತ ಕಲಿಕಾ ಆಂದೋಲನ 4 ಮತ್ತು 5ನೇ ತರಗತಿಗಳಿಗೆ ಕಿಟ್ ಕೊಟ್ಟದ್ದು ಇದಕ್ಕೇ: ಮಣಿ, ಭಿನ್ನರಾಶಿಯ ತುಂಡು, ಆಟದ ನೋಟು ಮೊದಲು ಕೈಗೆ ಸಿಗಲಿ, ಆಮೇಲೆ ಚಿತ್ರ, ಆಮೇಲೆ ಅಂಕಿ. ಕಿಟ್ ಬೀರುವಿನಲ್ಲೇ ಉಳಿದರೆ ಮಾತ್ರ ಏನೂ ಆಗದು.

ಕಿಟ್ಟಿನ ಆಚೆಗೂ ಸಾಮಗ್ರಿಯಿದೆ. ಸವಣೂರಿನ ಮಠದ ಆವರಣದಲ್ಲಿ ದೊಡ್ಡಹುಣಸೆ ಮರಗಳಿವೆ. ಕಾಂಡಕ್ಕೆ ದಾರ ಸುತ್ತಿ, ಅಳೆದು, 22/7ರಿಂದ ಭಾಗಿಸಿದರೆ ವ್ಯಾಸ ಸಿಗುತ್ತದೆ. ಒಂದು ತಂಡ ಮಾರು ಹಾಕಿ ಅಳೆಯಲಿ, ಇನ್ನೊಂದು ಟೇಪು ಹಿಡಿಯಲಿ, ಮತ್ತೊಂದು ನಕ್ಷೆ ಬಿಡಿಸಲಿ. ಕಾಂಡವೇನೂ ಪೂರ್ತಿ ದುಂಡಗಿಲ್ಲ, ಉತ್ತರಗಳು ಹೊಂದುವುದಿಲ್ಲ. ಯಾಕೆ ಹೊಂದಲಿಲ್ಲ ಎಂಬ ಚರ್ಚೆಗೆ ಇನ್ನೊಂದು ಪಿರಿಯಡ್ ಬೇಕಾಗುತ್ತದೆ.