ದಕ್ಕೆಯ ನಾಲ್ಕು ಗಂಟೆ, ತೆರೆಯ ಮೇಲೆ ಒಂದು ನಿಮಿಷ

ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿತಳಿಗೆ ಹೆಸರಾದ ಊರು. ಕಡಲು ಇಲ್ಲಿಂದ ಬಹುದೂರ. ಆದುದರಿಂದಲೇ, ಕ್ರಿಸ್ಮಸ್ ರಜೆಯಲ್ಲಿ ಮಂಗಳೂರಿಗೆ ಹೋದಾಗ ಹಳೆಯ ಬಂದರಿನ ದಕ್ಕೆಯನ್ನು ಮಕ್ಕಳಿಗೆ ತೋರಿಸಬೇಕೆಂದೂ, ಅಲ್ಲಿನ ಬೆಳಗನ್ನು ಡಿಜಿಟಲ್ ಕ್ಯಾಮೆರಾದಲ್ಲಿ ‘ಟೈಮ್‌ಲ್ಯಾಪ್ಸ್’ ಚಿತ್ರವಾಗಿ ಹಿಡಿದು ತರಬೇಕೆಂದೂ ನಾವು ನಿಶ್ಚಯಿಸಿದೆವು. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ಹೋದವರಿಗೆ ಕಾಣುವುದು ಕಟ್ಟಿಹಾಕಿದ ಬೋಟುಗಳು ಮಾತ್ರ.

ವಿಧಾನ ಸರಳವಾದುದು. ಕ್ಯಾಮೆರಾವನ್ನು ಅಲುಗದಂತೆ ನಿಲ್ಲಿಸಿ 10 ಸೆಕೆಂಡಿಗೊಂದು ಚಿತ್ರ ತೆಗೆಯಬೇಕು. ನಾಲ್ಕು ಗಂಟೆಗಳಲ್ಲಿ 1440 ಚಿತ್ರಗಳಾಗುತ್ತವೆ. ಸೆಕೆಂಡಿಗೆ 24ರಂತೆ ಓಡಿಸಿದರೆ ಸರಿಯಾಗಿ ಒಂದು ನಿಮಿಷದ ಚಲನಚಿತ್ರ!

ಆದರೆ ಮೊದಲ ದಿನದ ಯತ್ನ ಕೆಟ್ಟಿತು, ತಪ್ಪು ನಮ್ಮದೇ. ಬೆಳಕಿನ ಹೊಂದಾಣಿಕೆಯನ್ನು ಯಂತ್ರಕ್ಕೇ ಬಿಟ್ಟಿದ್ದೆವು. ಬಿಳಿಯ ಬೋಟು ಎದುರಿಗೆ ಬಂದಾಗ ಚಿತ್ರ ಮಂಕಾಗುವುದು, ಅದು ಸರಿದಾಗ ಬೆಳಗುವುದು; ಹೀಗೆ ಕಣ್ಣು ನೋಯಿಸುವ ಮಿನುಗಾಟ. ಮರುದಿನ ಸೂರ್ಯೋದಯವಾದ ಬಳಿಕ ಬೆಳಕು, ಬಣ್ಣ, ದೂರದ ಅಳತೆ ಮೂರನ್ನೂ ಕೈಯಿಂದಲೇ ನಿಗದಿಗೊಳಿಸಿ, ಮಸೂರಕ್ಕೆ ಅಂಟಿದ ಉಪ್ಪಿನ ಪಸೆಯನ್ನು ಮೆದುಬಟ್ಟೆಯಿಂದ ಒರೆಸಿ ಆರಂಭಿಸಿದೆವು.

ಅದಕ್ಕೂ ಮೊದಲು ಅಲ್ಲಿದ್ದವರ ಒಪ್ಪಿಗೆ ಕೇಳಿದೆವು. ಮೀನು ವಿಂಗಡಿಸುತ್ತಿದ್ದ ವೃದ್ಧೆಯೊಬ್ಬರು, “ತೆಗೀರಿ ಮಾರಾಯ್ರೆ, ನಮಗೆ ಏಳ್ಲಿಕ್ಕೆ ಪುರುಸೊತ್ತಿಲ್ಲ” ಎಂದರು.

ಮನೆಗೆ ಬಂದು ನೋಡಿದಾಗ, ಅಲ್ಲಿ ಕಣ್ಣಿಗೆ ಬೀಳದಿದ್ದುದು ತೆರೆಯ ಮೇಲೆ ಬಿದ್ದಿತು. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ನೀರು ಇಳಿಯುತ್ತಿದ್ದುದು ನಮಗೆ ತಿಳಿದೇ ಇರಲಿಲ್ಲ. ಚಿತ್ರದಲ್ಲಾದರೋ ಕಟ್ಟಿದ ಬೋಟುಗಳು ಮೆಟ್ಟಿಲಿಳಿಯುವಂತೆ ತಗ್ಗಿದವು. ಗುರುಪುರ ನದಿಯಾಚೆ ಬೆಂಗ್ರೆಯತ್ತ ದೋಣಿಗಳು ಮಿಂಚಿನಂತೆ ಹಾದವು. ಬಂಗುಡೆಯ ಬುಟ್ಟಿಗಳು ತುಂಬಿ ಬರಿದಾದವು. ಎಲ್ಲವೂ ಓಡುತ್ತಿದ್ದ ಆ ಚಿತ್ರದಲ್ಲಿ ಕುಳಿತಲ್ಲೇ ಕುಳಿತವರು ಆ ತಾಯಿ ಒಬ್ಬರೇ.

“ಅಜ್ಜಿ ನೀರೂ ಕುಡೀಲಿಲ್ವಾ?” ಎಂದು ನಮ್ಮ ಕಿರಿಯ ಮಗು ಕೇಳಿತು. ಕುಡಿದಿದ್ದರು; ನಾವೇ ಕಂಡಿದ್ದೆವು. ಅದು ಎರಡು ಚಿತ್ರಗಳ ನಡುವಿನ ಹತ್ತು ಸೆಕೆಂಡಿನಲ್ಲೇ ಮುಗಿದುಹೋಗಿತ್ತು.

ಇಂದು ಅನೇಕ ಕುಟುಂಬಗಳ ಕೈಯಲ್ಲಿ ಇಂತಹ ಸಾಧನಗಳಿವೆ. ಮಕ್ಕಳು ಅವನ್ನು ಕಲಿಯಲಿ, ಸಂತೋಷವೇ. ಆದರೆ ಚಿತ್ರ ತೋರಿಸುವಾಗ, ಅದರಲ್ಲಿ ಉಳಿಯದೆ ಹೋದುದನ್ನು ಕಂಡವರು ಬಾಯಿಬಿಟ್ಟು ಹೇಳಬೇಕು. ಈಗ ನಮ್ಮ ಮನೆಯಲ್ಲಿ ಆ ಒಂದು ನಿಮಿಷದ ಚಿತ್ರ ಓಡಿದಾಗಲೆಲ್ಲ ಆ ನೀರಿನ ಸಂಗತಿಯನ್ನು ಮಗುವೇ ಹೇಳುತ್ತದೆ.