ಚೊಂಬು ನೀರು, ಚೂರು ಬೆಲ್ಲ

ಮಂಡ್ಯದಿಂದ ಮದ್ದೂರಿಗೆ ಬಂದು ಮಳವಳ್ಳಿಯ ದಾರಿ ಹಿಡಿದದ್ದು ಒಂದು ಹಳೆಯ ರಣಭೂಮಿಯನ್ನು ನೋಡುವ ಉದ್ದೇಶದಿಂದ. 1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಟಿಪ್ಪು ಸುಲ್ತಾನನ ಸೇನೆಗೂ ಜನರಲ್ ಹ್ಯಾರಿಸನ ಸೇನೆಗೂ ಕಾಳಗ ನಡೆಯಿತು. ಮೇ 4ರಂದು ಶ್ರೀರಂಗಪಟ್ಟಣ ಪತನವಾಯಿತು. ಮರುವರ್ಷವೇ, ಗೆದ್ದ ನಾಡಿನ ಕೃಷಿ, ಕಸುಬು, ವ್ಯಾಪಾರಗಳ ವರದಿಗಾಗಿ ಗವರ್ನರ್ ಜನರಲ್ ವೆಲ್ಲೆಸ್ಲಿ ಕಳುಹಿಸಿದ ಫ್ರಾನ್ಸಿಸ್ ಬುಕಾನನ್ ಮದ್ದೂರು, ಮಂಡ್ಯಗಳ ಮೂಲಕ ಪಯಣಿಸಿದ. 1807ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಬೆಳೆ, ಕಂದಾಯ, ಕೆರೆ, ಹಾಳುಬಿದ್ದ ಊರುಗಳ ವಿವರ ಹೇರಳವಾಗಿದೆ. ಸೇವಾವಧಿಯುದ್ದಕ್ಕೂ ಅಂಥ ವಿವರಗಳನ್ನೇ ಕಡತಕ್ಕೇರಿಸಿದ ನನಗೆ ಅದು ಪ್ರಿಯವಾದ ಗ್ರಂಥ.

ಮಳವಳ್ಳಿಯ ಹೊರವಲಯದಲ್ಲಿ ಕಬ್ಬಿನ ಗದ್ದೆಗಳ ನಡುವೆ ಎಷ್ಟು ಅಲೆದರೂ ಕಾಳಗದ ಗುರುತೇನೂ ನನ್ನ ಕಣ್ಣಿಗೆ ಬೀಳಲಿಲ್ಲ. ಜಗಲಿಯ ಮೇಲೆ ಕುಳಿತಿದ್ದ ವೃದ್ಧೆಯೊಬ್ಬರು, “ಬಿಸ್ಲಲ್ಲಿ ಯಾಕ್ ನಿಂತಿದ್ದೀರ ಸಾಮಿ, ಬನ್ನಿ ಒಳಕ್ಕೆ” ಎಂದರು. ಮೊದಲು ಚೊಂಬಿನಲ್ಲಿ ನೀರು, ಅಂಗೈಗೆ ಚೂರು ಬೆಲ್ಲ. ಬಳಿಕ, ಬೇಡವೆಂದರೂ ಕೇಳದೆ, ಮುದ್ದೆ ಮತ್ತು ಉಪ್ಸಾರು. ನನ್ನ ಹೆಸರು, ಊರು ವಿಚಾರಿಸಿದ್ದು ನಾನು ಉಂಡು ಕೈತೊಳೆದ ಮೇಲೆ.

ಟಿಪ್ಪುವಿನ ಯುದ್ಧದ ಮಾತೆತ್ತಿದೆ. “ಅದ್ನ ಕಂಡೋರ್ಯಾರು? ನಾವ್ ಕಂಡಿರೋದು ಕಾವೇರಿ ಗಲಾಟೆ” ಎಂದರು. 2016ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ತಮಿಳುನಾಡಿಗೆ ನೀರು ಬಿಟ್ಟಾಗ ಆಕೆಯ ಮಗನೂ ರಸ್ತೆ ತಡೆಯಲ್ಲಿ ಕುಳಿತಿದ್ದನಂತೆ. ಅದೇ ರಾತ್ರಿ, ಮುಂದೆ ಹೋಗಲಾರದೆ ನಿಂತಿದ್ದ ತಮಿಳುನಾಡಿನ ಲಾರಿ ಚಾಲಕನನ್ನು ಮನೆಗೆ ಕರೆತಂದವನೂ ಆ ಮಗನೇ. “ಹಸ್ಕಂಡಿದ್ದ, ಇಕ್ದೆ” ಎಂದಷ್ಟೇ ಹೇಳಿ ಆಕೆ ಸುಮ್ಮನಾದರು.

ದೂರದ ಇನ್ನೊಂದು ಮನೆ ನೆನಪಾಯಿತು. 1992ರಿಂದ 1996ರವರೆಗೆ ಮುತ್ತಿಗೆಗೆ ಸಿಲುಕಿದ್ದ ಬೋಸ್ನಿಯಾದ ಸರಾಯೆವೊ ನಗರಕ್ಕೆ ಆಹಾರ, ಔಷಧ ಸಾಗಿಸಲು 1993ರಲ್ಲಿ ವಿಮಾನ ನಿಲ್ದಾಣದ ಅಡಿಯಲ್ಲಿ ಸುರಂಗ ತೋಡಿದರು. ಅದರ ಬಾಯಿಯಿದ್ದ ಮನೆಯ ಅಜ್ಜಿ ಶಿದಾ ಕೋಲಾರ್, ದಣಿದು ಹೊರಬಂದವರಿಗೆ ಕುಡಿಯಲು ನೀರು ಕೊಡುತ್ತಿದ್ದರು. ಆ ಮನೆ ಇಂದು ವಸ್ತುಸಂಗ್ರಹಾಲಯ.

ಯುದ್ಧವನ್ನು ಒಪ್ಪಂದಗಳು, ವ್ಯಾಜ್ಯವನ್ನು ತೀರ್ಪುಗಳು ಮುಗಿಸುತ್ತವೆ ಎಂದು ನಂಬಿದವನು ನಾನು. 2018ರ ಫೆಬ್ರವರಿ 16ರ ತೀರ್ಪು ಕರ್ನಾಟಕಕ್ಕೆ 284.75, ತಮಿಳುನಾಡಿಗೆ 404.25 ಟಿಎಂಸಿ ಅಡಿ ನೀರು ಹಂಚಿತು. ಆದರೂ ಮಳೆ ಕೈಕೊಟ್ಟ 2023ರಲ್ಲಿ ಮಂಡ್ಯ ಮತ್ತೆ ಬೀದಿಗಿಳಿಯಿತು. ಒಣಗುವ ಬೆಳೆಯ ಮುಂದೆ ನಿಂತ ರೈತನ ಸಂಕಟ ನಿಜ. ನಮ್ಮ ಪಾಲಿಗಾಗಿ ವಾದಿಸಲೇಬೇಕು. ಆದರೆ ಕೊರತೆಯ ವರ್ಷ ಮತ್ತೆ ಬಂದೀತು. ಅಂದು ವಾಹನದ ನೋಂದಣಿ ಫಲಕ ನೋಡಿ ಕಲ್ಲೆತ್ತುವವರೂ ಇರುತ್ತಾರೆ, ಹಸಿದವನನ್ನು ಒಳಗೆ ಕರೆಯುವವರೂ ಇರುತ್ತಾರೆ. ಊರಿನ ಹೆಸರು ಉಳಿಯುವುದು ಎರಡನೆಯವರಿಂದ. ಬುಕಾನನನ ಗ್ರಂಥದಲ್ಲಾಗಲಿ ನನ್ನ ಕಡತಗಳಲ್ಲಾಗಲಿ ಅವರಿಗೆಂದು ಒಂದು ಕಾಲಂ ಇರಲಿಲ್ಲ.

ಹೊರಡುವಾಗ ಆಕೆ ಒಂದು ಅಚ್ಚು ಬೆಲ್ಲವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೈಗಿಟ್ಟರು. ಹಣ ಕೊಡಲು ಜೇಬಿಗೆ ಕೈಹಾಕಿದೆ. ಆಕೆ ನೋಡಿದ ನೋಟಕ್ಕೆ ಹಾಗೆಯೇ ಹಿಂದೆಗೆದೆ.