ಕಿಂಡಿಗಳೆಷ್ಟು ಎಂಬುದಲ್ಲ, ಶಕ್ತಿಯೆಷ್ಟು ಎಂಬುದೇ ಮುಖ್ಯ

ಬೀಳಗಿ ತಾಲೂಕಿನಲ್ಲಿ ಹಳೆಯ ಮಣ್ಣಿನ ಮಾಳಿಗೆಯ ಮನೆಯಿರಲಿ, ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರು ಪುನರ್ವಸತಿ ಕೇಂದ್ರದಲ್ಲಿ ಕಟ್ಟಿಕೊಂಡ ಮನೆಯಿರಲಿ, ರಾತ್ರಿಯ ಪೂಜೆ-ಪ್ರಸಾದ ಮುಗಿದ ಮೇಲೆ ಕಾಣುವ ನೋಟ ಒಂದೇ. ಯಜಮಾನರ ಮೊಬೈಲು, ಸೊಸೆಯ ಮೊಬೈಲು, ಕಾಲೇಜಿಗೆ ಹೋಗುವ ಮಗಳ ಲ್ಯಾಪ್‌ಟಾಪು, ಹಿರಿಯರ ಶ್ರವಣಯಂತ್ರ ಎಲ್ಲವೂ ಚಾರ್ಜಿಗಾಗಿ ಕಾಯುತ್ತಿರುತ್ತವೆ. ಗೋಡೆಯಲ್ಲಿ ಕೈಗೆಟಕುವ ಪ್ಲಗ್ಗು ಮಾತ್ರ ಒಂದೇ ಆಗಿರುತ್ತದೆ. ಇದಕ್ಕೆ ಪರಿಹಾರವೆಂದು ಇಂದು ಅನೇಕ ಗೃಹಸ್ಥರು ನಾಲ್ಕಾರು ಕಿಂಡಿಗಳುಳ್ಳ ಯು.ಎಸ್.ಬಿ. ಚಾರ್ಜರನ್ನು ಕೊಳ್ಳುತ್ತಿದ್ದಾರೆ. ಇದು ಯೋಗ್ಯವಾದ ಕ್ರಮವೇ. ಆದರೆ ಕಿಂಡಿಗಳನ್ನು ಎಣಿಸಿ ಕೊಂಡು, ಶಕ್ತಿಯನ್ನು ಅಳೆಯದೆ ಬಿಡುವುದರಿಂದ ತೊಂದರೆ ಆರಂಭವಾಗುತ್ತದೆ. ರಾತ್ರಿಯಿಡೀ ಹಚ್ಚಿಟ್ಟ ಲ್ಯಾಪ್‌ಟಾಪು ಪರೀಕ್ಷೆಯ ದಿನ ಬೆಳಿಗ್ಗೆ ಅರ್ಧವೂ ತುಂಬಿರದಿದ್ದರೆ ಹಾನಿಯಾಗುವುದು ಮಗುವಿನ ವಿದ್ಯೆಗೆ. ಕಳಪೆ ಚಾರ್ಜರು ಸುಟ್ಟರೆ ಅಪಾಯವಾಗುವುದು ಇಡೀ ಮನೆಗೆ. ಆದ್ದರಿಂದ ಈ ಸಣ್ಣ ವಸ್ತುವಿನ ವಿಷಯದಲ್ಲಿಯೂ ತುಸು ವಿವೇಚನೆ ಅವಶ್ಯವೆಂದು ನಾವು ಭಾವಿಸುತ್ತೇವೆ.

ವ್ಯಾಟ್ ಎಂದರೇನು?

ನಮ್ಮ ಭಾಗದ ರೈತಬಾಂಧವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಕೃಷ್ಣೆಯ ದಂಡೆಯಿಂದ ಕಬ್ಬಿನ ಹೊಲಕ್ಕೆ ನೀರೆತ್ತುವಾಗ ನೀರಿನ ಒತ್ತಡವೆಷ್ಟು, ಹರಿವೆಷ್ಟು ಎಂಬೆರಡನ್ನೂ ನೋಡುತ್ತೇವೆ. ವಿದ್ಯುತ್ತಿನಲ್ಲಿ ಒತ್ತಡಕ್ಕೆ ವೋಲ್ಟ್ ಎಂದೂ, ಹರಿವಿಗೆ ಆಂಪಿಯರ್ ಎಂದೂ ಹೆಸರು. ಇವೆರಡನ್ನು ಗುಣಿಸಿದರೆ ಬರುವುದೇ ವ್ಯಾಟ್. 5 ವೋಲ್ಟ್ ಮತ್ತು 3 ಆಂಪಿಯರ್ ಸೇರಿದರೆ 15 ವ್ಯಾಟ್. 9 ವೋಲ್ಟ್ ಮತ್ತು 3 ಆಂಪಿಯರ್ ಸೇರಿದರೆ 27 ವ್ಯಾಟ್. 20 ವೋಲ್ಟ್ ಮತ್ತು 3.25 ಆಂಪಿಯರ್ ಸೇರಿದರೆ 65 ವ್ಯಾಟ್. ಒಂದು ಎಚ್.ಪಿ. ಎಂದರೆ ಸುಮಾರು 746 ವ್ಯಾಟ್ ಆಗಿರುವುದರಿಂದ, ಲ್ಯಾಪ್‌ಟಾಪಿನ ಚಾರ್ಜರು ಕೊಡುವ ಶಕ್ತಿ ಒಂದು ಎಚ್.ಪಿ.ಯ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಇಷ್ಟು ಅಲ್ಪ ಶಕ್ತಿಯನ್ನೇ ಮನೆಯ ಹಲವು ಉಪಕರಣಗಳಿಗೆ ಸರಿಯಾಗಿ ಹಂಚಬೇಕಾಗಿದೆ.

ಸಾಮಾನ್ಯವಾಗಿ ಕಿವಿಯ ಉಪಕರಣ, ಕೈಗಡಿಯಾರಗಳಿಗೆ 5 ವ್ಯಾಟ್ ಧಾರಾಳವಾಗಿ ಸಾಕು. ಇಂದಿನ ಮೊಬೈಲುಗಳಲ್ಲಿ ಅನೇಕವು 18ರಿಂದ 33 ವ್ಯಾಟ್ ವರೆಗೆ ಸ್ವೀಕರಿಸುತ್ತವೆ. ಓದು-ಬರಹಕ್ಕೆ ಬಳಸುವ ಸಾಧಾರಣ ಲ್ಯಾಪ್‌ಟಾಪುಗಳಿಗೆ 45ರಿಂದ 65 ವ್ಯಾಟ್ ಬೇಕಾಗುತ್ತದೆ. ಪ್ರತಿಯೊಂದರ ನಿಖರವಾದ ಅಂಕಿ ಅದರೊಡನೆ ಬಂದ ಮೂಲ ಚಾರ್ಜರಿನ ಮೇಲೆ ಮುದ್ರಿತವಾಗಿರುತ್ತದೆ.

ಸೌಟು ಹೆಚ್ಚಿದರೆ ಪ್ರಸಾದ ಹೆಚ್ಚದು

ಕೊಳ್ಳುವವರು ಮುಖ್ಯವಾಗಿ ಮನಗಾಣಬೇಕಾದ ಅಂಶವಿದು. ದಾಸೋಹದ ಪಂಕ್ತಿಯಲ್ಲಿ ಹತ್ತು ಜನ ಸೌಟು ಹಿಡಿದು ನಿಂತರೂ ಹಂಡೆಯೊಳಗಿನ ಪ್ರಸಾದ ಇದ್ದಷ್ಟೇ ಇರುತ್ತದೆ. ಚಾರ್ಜರಿನ ಕಿಂಡಿಗಳೂ ಸೌಟುಗಳಿದ್ದಂತೆ, ಹಂಡೆ ಒಂದೇ. ಪೆಟ್ಟಿಗೆಯ ಮೇಲೆ 65 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೆ ಅದು ಪ್ರತಿ ಕಿಂಡಿಗೂ ಸಿಗುವ ಶಕ್ತಿಯಲ್ಲ. ಬಹುತೇಕ ಎಲ್ಲ ಕಿಂಡಿಗಳಿಗೂ ಸೇರಿ ಸಿಗುವ ಒಟ್ಟು ಶಕ್ತಿ. ಒಂದನ್ನೇ ಹಚ್ಚಿದಾಗ 65 ವ್ಯಾಟ್ ಕೊಡುವ ಚಾರ್ಜರು, ಎರಡನೆಯದನ್ನು ಹಚ್ಚಿದೊಡನೆ ಮೊದಲನೆಯದಕ್ಕೆ 45, ಎರಡನೆಯದಕ್ಕೆ 20 ಎಂದು ಹಂಚಿಬಿಡಬಹುದು. ಹಂಚಿಕೆ ಬದಲಾಗುವಾಗ ಕೆಲವು ಚಾರ್ಜರುಗಳಲ್ಲಿ ಎಲ್ಲ ಕಿಂಡಿಗಳೂ ಒಂದೆರಡು ಕ್ಷಣ ನಿಂತು ಮತ್ತೆ ಆರಂಭವಾಗುತ್ತವೆ. ಅದು ದೋಷವಲ್ಲ.

ಈ ಹಂಚಿಕೆಯ ವಿವರ ಚಾರ್ಜರಿನ ಬೆನ್ನ ಮೇಲೆ 'ಔಟ್‌ಪುಟ್' ಎಂಬ ಸಾಲುಗಳಲ್ಲಿಯೋ, ಪೆಟ್ಟಿಗೆಯ ಮೇಲೆಯೋ ಸಣ್ಣಕ್ಷರದಲ್ಲಿ ಇರುತ್ತದೆ. ಸಿ1 ಒಂದೇ ಇದ್ದಾಗ ಎಷ್ಟು, ಸಿ1 ಮತ್ತು ಸಿ2 ಸೇರಿದಾಗ ಎಷ್ಟು, ಮೂರೂ ತುಂಬಿದಾಗ ಎಷ್ಟು ಎಂದು ಅಲ್ಲಿ ಹೇಳಿರುತ್ತಾರೆ. ಅಂಗಡಿಯಲ್ಲಿ ಅದನ್ನು ಓದಿಸಿ ಕೇಳಿದ ನಂತರವೇ ಹಣ ಕೊಡುವುದು ಲೇಸು. ಲ್ಯಾಪ್‌ಟಾಪಿಗೆ ದುಂಡುಮೂಲೆಯ ಟೈಪ್-ಸಿ ಕಿಂಡಿಯೇ ಬೇಕು. ಅಗಲವಾದ ಹಳೆಯ ನಮೂನೆಯ ಟೈಪ್-ಎ ಕಿಂಡಿಗಳು ಮೊಬೈಲಿಗೆ ಮತ್ತು ಸಣ್ಣ ಉಪಕರಣಗಳಿಗೆ ಮಾತ್ರ ಉಪಯುಕ್ತ.

ದೊಡ್ಡ ಚಾರ್ಜರಿಗೆ ಹಚ್ಚಿದರೆ ಚಿಕ್ಕ ಮೊಬೈಲು ಸುಟ್ಟುಹೋದೀತೆಂಬ ಭಯ ಹಲವರಲ್ಲಿದೆ. ಇದು ನಿರಾಧಾರ. ಟೈಪ್-ಸಿ ಕಿಂಡಿಯಲ್ಲಿ 'ಪವರ್ ಡೆಲಿವರಿ' ಎಂಬ ಪದ್ಧತಿಯಂತೆ ಉಪಕರಣ ಮತ್ತು ಚಾರ್ಜರು ಮೊದಲು ಪರಸ್ಪರ ಒಪ್ಪಂದ ಮಾಡಿಕೊಳ್ಳುತ್ತವೆ. ಉಪಕರಣವು ತನಗೆ ಬೇಕಾದಷ್ಟನ್ನೇ ಕೇಳಿ ಪಡೆಯುತ್ತದೆ. ಆದರೆ ಕೆಲವು ಕಂಪನಿಗಳ ಮೊಬೈಲುಗಳು ತಮ್ಮದೇ ಆದ ತ್ವರಿತ ಪದ್ಧತಿಯನ್ನು ಅನುಸರಿಸುವುದರಿಂದ ಬೇರೆ ಚಾರ್ಜರಿನಲ್ಲಿ ನಿಧಾನವಾಗಿ ತುಂಬುತ್ತವೆ. ಸ್ಯಾಮ್‌ಸಂಗ್ ಕಂಪನಿಯ ಹಲವು ಮೊಬೈಲುಗಳಿಗೆ ಪೂರ್ಣ ವೇಗ ಬೇಕಿದ್ದರೆ ಚಾರ್ಜರಿನ ಮೇಲೆ 'ಪಿ.ಪಿ.ಎಸ್.' ಎಂಬ ಗುರುತಿರುವುದನ್ನು ನೋಡಿಕೊಳ್ಳಬೇಕು.

ವೈರಿನ ಮಾತು

ಚಾರ್ಜರು ಎಷ್ಟೇ ಸಮರ್ಥವಾಗಿದ್ದರೂ ಕಾಲುವೆ ಕಿರಿದಾದರೆ ನೀರು ಹೊಲ ಮುಟ್ಟದು. ಎರಡೂ ತುದಿಗಳಲ್ಲಿ ಟೈಪ್-ಸಿ ಇರುವ ಸಾಮಾನ್ಯ ವೈರು 3 ಆಂಪಿಯರನ್ನು, ಅಂದರೆ ಹೆಚ್ಚೆಂದರೆ 60 ವ್ಯಾಟನ್ನು ಸಾಗಿಸಬಲ್ಲದು. ಅದಕ್ಕಿಂತ ಹೆಚ್ಚು ಬೇಕಾದಲ್ಲಿ ಒಳಗೆ ಗುರುತಿನ ಚಿಪ್ಪು ಅಳವಡಿಸಿದ 5 ಆಂಪಿಯರಿನ ವೈರು ಬೇಕು. ಅದರ ಮೇಲೆ 100 ಅಥವಾ 240 ವ್ಯಾಟ್ ಎಂದು ಬರೆದಿರುತ್ತದೆ. ಚಾರ್ಜರು ನಿಧಾನವಾಯಿತೆಂದು ದೂರುವ ಮೊದಲು ವೈರನ್ನು ಬದಲಿಸಿ ನೋಡುವುದು ಯುಕ್ತ.

ಒಂದು ಮನೆಯ ಲೆಕ್ಕ

65 ವ್ಯಾಟಿನ ಒಂದು ಲ್ಯಾಪ್‌ಟಾಪು, 25 ವ್ಯಾಟಿನ ಎರಡು ಮೊಬೈಲು, 5 ವ್ಯಾಟಿನ ಒಂದು ಶ್ರವಣಯಂತ್ರವಿರುವ ಮನೆಯನ್ನು ಭಾವಿಸೋಣ. ಎಲ್ಲವೂ ಏಕಕಾಲಕ್ಕೆ ಪೂರ್ಣ ವೇಗದಲ್ಲಿ ತುಂಬಬೇಕೆಂದರೆ 120 ವ್ಯಾಟ್ ಬೇಕು. ಆದರೆ ರಾತ್ರಿ ಆರೇಳು ತಾಸು ಸಮಯವಿರುವಾಗ ಮೊಬೈಲುಗಳಿಗೆ ತ್ವರೆಯಿಲ್ಲ. ತಲಾ 10ರಿಂದ 15 ವ್ಯಾಟ್ ಸಿಕ್ಕರೂ ಬೆಳಗಾಗುವುದರೊಳಗೆ ತುಂಬಿರುತ್ತವೆ. ಹೀಗೆ ನೋಡಿದರೆ ನಾಲ್ಕು ಕಿಂಡಿಯ 100 ವ್ಯಾಟಿನ ಚಾರ್ಜರು ಸಾಕು. ಆದರೆ ಎಲ್ಲ ಕಿಂಡಿಗಳು ತುಂಬಿದಾಗಲೂ ಲ್ಯಾಪ್‌ಟಾಪಿಗೆ ಕನಿಷ್ಠ 45 ವ್ಯಾಟ್ ಉಳಿಯುವಂತಿರಬೇಕು. ಲ್ಯಾಪ್‌ಟಾಪಿನ ಸ್ವಂತ ಚಾರ್ಜರು ಚೆನ್ನಾಗಿದ್ದರೆ ಅದನ್ನೇ ಮುಂದುವರಿಸಿ, ಉಳಿದವುಗಳಿಗೆ 40 ವ್ಯಾಟಿನ ಆಸುಪಾಸಿನದೊಂದನ್ನು ಕೊಳ್ಳುವುದು ಇನ್ನೂ ಮಿತವ್ಯಯದ ದಾರಿ. ಬೇಕಾದುದಕ್ಕಿಂತ ಹೆಚ್ಚು ಕೂಡಿಡುವುದು ಶರಣಧರ್ಮಕ್ಕೆ ಒಪ್ಪುವುದಲ್ಲ. ವಸ್ತುವಿನ ಖರೀದಿಯಲ್ಲಿಯೂ ಈ ತತ್ತ್ವವನ್ನು ಪಾಲಿಸಬಹುದು.

ಸುರಕ್ಷತೆಯ ವಿಷಯ

ಜಾತ್ರೆಯ ಅಂಗಡಿಗಳಲ್ಲಿ ಅತಿ ಅಗ್ಗದ, ಹೆಸರಿಲ್ಲದ ಚಾರ್ಜರುಗಳು ಮಾರಾಟಕ್ಕೆ ಬರುವುದುಂಟು. ಚಾರ್ಜರು ಗೋಡೆಯ 230 ವೋಲ್ಟನ್ನು ಇಳಿಸಿ ಕೊಡುವ ಯಂತ್ರ. ಒಳಗಿನ ತಡೆ ಸಡಿಲವಾದರೆ ಆ 230 ವೋಲ್ಟ್ ನೇರವಾಗಿ ಕೈಗೆ ತಗಲಬಹುದು. ಆದ್ದರಿಂದ ಭಾರತೀಯ ಮಾನಕ ಬ್ಯೂರೊದ ಚಿಹ್ನೆ ಮತ್ತು 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರುವುದನ್ನೇ ಕೊಳ್ಳಬೇಕು. 'ಬಿ.ಐ.ಎಸ್. ಕೇರ್' ಎಂಬ ಆ್ಯಪಿನಲ್ಲಿ ಈ ಸಂಖ್ಯೆಯನ್ನು ಹಾಕಿದರೆ ಅದು ನಿಜವೋ ಸುಳ್ಳೋ ತಿಳಿಯುತ್ತದೆ. ಮನೆಯ ಮಕ್ಕಳಿಗೆ ಈ ಕೆಲಸ ಒಪ್ಪಿಸಿದರೆ ಅವರೂ ಕಲಿಯುತ್ತಾರೆ.

ಚಾರ್ಜರು ಬೆಚ್ಚಗಾಗುವುದು ಸಹಜ. ಮುಟ್ಟಲಾಗದಷ್ಟು ಸುಟ್ಟರೆ ಕೂಡಲೇ ತೆಗೆಯಬೇಕು. ಅದನ್ನು ಕೌದಿಯ ಕೆಳಗೆ, ಹಾಸಿಗೆಯ ಮೇಲೆ, ಹತ್ತಿಯ ಅಂಡಿಗೆಯ ಬಳಿ, ಪೂಜೆಯ ದೀಪದ ಸಮೀಪ ಇಡಲಾಗದು. ಒದ್ದೆ ಕೈಯಿಂದ ಮುಟ್ಟಬಾರದು. ಮುಂಗಾರಿಗೆ ಮೊದಲಿನ ಗುಡುಗು-ಸಿಡಿಲಿನ ಮಳೆಯಲ್ಲಿ ಚಾರ್ಜರನ್ನು ಪ್ಲಗ್ಗಿನಿಂದ ಕಿತ್ತಿಡುವುದೇ ಕ್ಷೇಮ. ಕೆಟ್ಟುಹೋದುದನ್ನು ತಿಪ್ಪೆಗೆ ಎಸೆಯದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು. ನಾಳೆ ಹೊಲಕ್ಕೆ ಹೋಗುವ ಗೊಬ್ಬರದಲ್ಲಿ ಅದರ ಲೋಹ ಸೇರಬಾರದಷ್ಟೆ.

ಕಾಲವೂ ಈ ವಿಷಯದಲ್ಲಿ ನಮಗೆ ಅನುಕೂಲವಾಗಿಯೇ ಸಾಗಿದೆ. 2023ರ ಜನವರಿಯಲ್ಲಿ ನಮ್ಮ ದೇಶದ ಮಾನಕ ಬ್ಯೂರೊ ಟೈಪ್-ಸಿ ಕುರಿತ ಮಾನಕವನ್ನು ಪ್ರಕಟಿಸಿತು. ಐರೋಪ್ಯ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಮೊಬೈಲುಗಳಿಗೆ ಇದೇ ಕಿಂಡಿ ಕಡ್ಡಾಯವಾಯಿತು. ಉಪಕರಣಕ್ಕೊಂದು ಚಾರ್ಜರು ಎಂಬ ಕಾಲ ಹಿಂದೆ ಸರಿಯುತ್ತಿದೆ. ಒಂದು ಒಳ್ಳೆಯ ಚಾರ್ಜರು ಹಲವು ವರ್ಷ, ಹಲವು ಉಪಕರಣಗಳಿಗೆ ಸೇವೆ ಸಲ್ಲಿಸಬಲ್ಲದು.

ಆದುದರಿಂದ ಅಂಗಡಿಗೆ ಹೋಗುವ ಮುನ್ನ ಒಂದು ಚೀಟಿಯಲ್ಲಿ ಮನೆಯ ಉಪಕರಣಗಳ ವ್ಯಾಟನ್ನು ಬರೆದುಕೊಳ್ಳಿರಿ. ಯಾವುದು ಯಾವಾಗ ತುಂಬಬೇಕೆಂಬುದನ್ನು ಗೊತ್ತುಮಾಡಿಕೊಳ್ಳಿರಿ. ಓದುವ ಮಕ್ಕಳ ಉಪಕರಣಕ್ಕೆ ಮೊದಲ ಕಿಂಡಿಯನ್ನು ಮೀಸಲಿಡಿರಿ. ಹಿರಿಯರ ಮೊಬೈಲು ತುಸು ನಿಧಾನವಾಗಿ ತುಂಬಿದರೂ ನಡೆಯುತ್ತದೆ.